ಮೂಲೆ ಹರಿದ ಕಾಗದದ ಕತ್ತೆ

ದಾವಣಗೆರೆ
ಭಾನುವಾರ, ತಾ. ೨೪-೭-೧೯೬೦

ಶ್ರೀಮದ್ ಹರಿಹರಪುರವರಾಧೀಶ್ವರ, ತುಂಗಭದ್ರಾ ಸೇತುವೆಯ ಮೇಲೆ ಎದುರುಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿಯುವ ಏಕಾಂಗವೀರ, ಕಡಲೆಬೇಳೆ ತೊಗರಿಬೇಳೆಗಳ ಭೇದವನ್ನು ಕಣ್ಣು ಮುಚ್ಚಿ ಮೂಗಿನಿಂದಲೇ ಅರಿಯಬಲ್ಲ ಧಾನ್ಯಶಾಸ್ತ್ರ ಪಾರಂಗತ, ಹೈಸ್ಕೂಲು ಗಣಿತದ ಮೇಲೆ ಮೂರು ಸಲ ದಂಡೆತ್ತಿ ಹೋಗಿ ಮೂರು ಸಲವೂ ಗಾಯಗೊಂಡು ಮರಳಿದ ರಣಧೀರ, ಹನ್ನೊಂದು ತಿಂಗಳಿಂದ ಒಂದಕ್ಷರವೂ ಭಂಗವಾಗದಂತೆ ಮೌನವ್ರತ ಪಾಲಿಸಿಕೊಂಡು ಬಂದಿರುವ ಮಹಾತಪಸ್ವಿ, ಸಹಸ್ರ ಶ್ರೀ ಬಕ್ಕೇಶಪ್ಪನವರ ದಿವ್ಯ ಪಾದರಕ್ಷೆಗಳ ಸನ್ನಿಧಾನಕ್ಕೆ,

ದಾವಣಗೆರೆಯ ಹತ್ತಿಯ ಧೂಳಿನಲ್ಲಿ ಬಿದ್ದಿರುವ ಪಾಮರ ಕರಿಬಸವರಾಜನು ಉದ್ದಂಡ ನಮಸ್ಕಾರ ಮಾಡಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾನಿಲ್ಲಿ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ತಾವು ಬರೆಯುವ ಪರಿಪಾಠವಿಲ್ಲವಾದ್ದರಿಂದ, ಹರಿಹರದ ಬಸ್ಸಿನ ಕಂಡಕ್ಟರ್ ಓಬಯ್ಯನಿಂದ ವಾರಕ್ಕೊಮ್ಮೆ ತಿಳಿದುಕೊಳ್ಳುತ್ತಿದ್ದೇನೆ. ತಾವು ಸಣ್ಣಗಾಗಿದ್ದೀರಂತೆ. ಅಂಗಡಿಯ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದೀರಂತೆ. ನನ್ನ ಹೆಸರು ಬಂದರೆ ಎದ್ದು ಒಳಗೆ ಹೋಗುತ್ತೀರಂತೆ.

ಬಿರುದಾವಳಿ ಇಲ್ಲಿಗೆ ಮುಗಿಯಿತು ಬಕ್ಯಾ. ಮೊದಲ ನಾಲ್ಕು ಸಾಲಿಗಾದರೂ ನಿನಗೆ ನಗು ಬರುತ್ತದೆಯೋ ನೋಡೋಣ ಎಂದು ಬರೆದೆ. ಬರದಿದ್ದರೆ ಬಿಡು, ಮುಂದೆ ಓದು. ಓದದೆ ಮಡಚಿಡಬೇಡ. ಓದದೆ ಮಡಚುವುದು ನನ್ನ ವಿದ್ಯೆ, ಅದನ್ನು ನೀನು ಕಲಿಯಬೇಡ.

ಪತ್ರ ತಡವಾದದ್ದಕ್ಕೆ ಕ್ಷಮಿಸು. ಬರೆಯಲು ಕಾಗದ ಸಿಗಲಿಲ್ಲ ಎಂದರೆ ನೀನು ನಂಬುವುದಿಲ್ಲ, ಆದರೆ ಸುಮಾರಾಗಿ ಅದೇ ನಿಜ. ಯಾವ ಹಾಳೆ ಕೈಗೆತ್ತಿಕೊಂಡರೂ ನನ್ನ ಬೆರಳುಗಳು ನನ್ನನ್ನು ಕೇಳದೆ ಮೂಲೆಗೆ ಮೂಲೆ ಕೂಡಿಸಿಬಿಡುತ್ತವೆ. ‘ಪ್ರಿಯ ಬಕ್ಕೇಶಪ್ಪನಿಗೆ’ ಎಂದು ಬರೆದಿಟ್ಟ ಹಾಳೆಗಳೆಲ್ಲ ಸ್ವಲ್ಪ ಹೊತ್ತಿಗೆ ಕಿವಿ ನಿಮಿರಿಸಿಕೊಂಡು ಮೇಜಿನ ಮೇಲೆ ನಿಂತಿರುತ್ತವೆ. ಇವತ್ತು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತು ಬರೆಯುತ್ತಿದ್ದೇನೆ.

ಊರಿನ ಸಮಾಚಾರ. ಮಿಲ್ಲಿನ ಸೈರನ್ ಎಂದಿನಂತೆ ಕೂಗುತ್ತದೆ, ನಮ್ಮ ದೊಡ್ಡಪ್ಪ ಕೆಂಚವೀರಪ್ಪನವರು ಅದಕ್ಕಿಂತ ಮುಂಚೆ ಕೂಗುತ್ತಾರೆ. ಹತ್ತಿಯ ಹಂಗಾಮು ಮುಗಿದು ಅಂಗಡಿಯಲ್ಲಿ ಕೆಲಸವಿಲ್ಲ. ದೊಡ್ಡಮ್ಮ ಗಿರಿಯಮ್ಮನಿಗೆ ಮಾತ್ರ ನನ್ನ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿದೆ. ಮೊದಲೆಲ್ಲ ‘ಮುದೇವಿ’ ಎಂದು ಎಬ್ಬಿಸುತ್ತಿದ್ದವಳು ಈಗ, “ಏಳಪ್ಪ, ಎದ್ದು ಹರಿಹರದ ದಿಕ್ಕಿಗೆ ಕೈ ಮುಗಿ. ಇನ್ನೊಬ್ರ ಆಯುಷ್ಯ ಉಣ್ಣಾಕೆ ಹತ್ತೀಯ, ನೆನಪಿರ್ಲಿ” ಎಂದು ಎಬ್ಬಿಸುತ್ತಾಳೆ. ಮಂಡಕ್ಕಿ ಅಂಗಡಿಯ ಮಕ್ತುಮ್ ಸಾಬ್ ಕೇಳದೆಯೇ ಒಂದು ಮಿರ್ಚಿ ಹೆಚ್ಚಿಗೆ ಹಾಕುತ್ತಾನೆ. “ತಿನ್ನಪ್ಪ, ನಿಂದು ಇಬ್ರ ಹೊಟ್ಟಿ” ಎನ್ನುತ್ತಾನೆ. ಆ ಹೆಚ್ಚಿನ ಮಿರ್ಚಿಯನ್ನು ಹೇಗೆ ನುಂಗುತ್ತೇನೆಂಬುದು ನನಗೊಬ್ಬನಿಗೇ ಗೊತ್ತು.

ಇಷ್ಟು ಮರ್ಯಾದೆ ತಂದುಕೊಟ್ಟದ್ದು ಒಂದು ಕಾಗೆ. ಆದ್ದರಿಂದ ಆ ಕಾಗೆಯಿಂದಲೇ ಶುರು ಮಾಡುತ್ತೇನೆ. ನಿನಗೆ ಗೊತ್ತಿರುವ ಕಥೆಯೇ ಹೌದು. ಕೋರ್ಟಿನಲ್ಲಿ ಸಾಹೇಬರಿಗೆ ಎಲ್ಲ ಗೊತ್ತಿದ್ದರೂ ಆರೋಪಿಯ ಬಾಯಿಂದ ಒಂದು ಸಲ ಹೇಳಿಸುತ್ತಾರಲ್ಲ, ಹಾಗೆ ತಿಳಿ.

ಹೋದ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ನಾನು ಮನೆಗೆ ಬಂದು, ಮಾರ್ಕೆಟ್ಟಿನಲ್ಲಿ ಒಂದು ಕಾಗೆ ನನ್ನ ಹೆಗಲ ಮೇಲೆ ಕೂತು ಹೋಯಿತೆಂದು ಘೋಷಿಸಿದೆ. ದೊಡ್ಡಮ್ಮನ ಕೈಯಿಂದ ಸೌಟು ಬಿತ್ತು. ಕಾಗೆ ಮೈ ಮುಟ್ಟಿದರೆ ಸಾವಿನ ಸೂಚನೆ. ಅದಕ್ಕೆ ನಮ್ಮ ಸೀಮೆಯಲ್ಲಿ ಇರುವ ಪರಿಹಾರವೂ ನಿನಗೆ ಗೊತ್ತು. ಮುಟ್ಟಿಸಿಕೊಂಡವನು ಸತ್ತೇ ಹೋದನೆಂದು ಬೇಕಾದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಆ ಕಣ್ಣೀರಿನಲ್ಲಿ ಗಂಡಾಂತರ ಕೊಚ್ಚಿಹೋಗುತ್ತದೆ. ಆಮೇಲೆ ಅರಿಶಿನ ಹಚ್ಚಿದ ಇನ್ನೊಂದು ಕಾಗದ ಬರೆದು ನಿಜ ತಿಳಿಸಿದರಾಯಿತು. ಯಮನಿಗೆ ಟೋಪಿ ಹಾಕಲು ಅಂಚೆ ಇಲಾಖೆಯ ಸಹಾಯ ಪಡೆಯುವ ಜನ ನಾವು. ನನ್ನಂಥವನಿಗೆ ಇದಕ್ಕಿಂತ ಪ್ರಿಯವಾದ ಶಾಸ್ತ್ರ ಯಾವುದಿದ್ದೀತು?

ದೊಡ್ಡಪ್ಪನ ಹೆಸರಿನಲ್ಲಿ ನಾನೇ ಬರೆದೆ. ತಲೆಗೆ ಶ್ರೀಕಾರವಿಲ್ಲ. ಬಲಗಡೆಯ ಕೆಳಗಿನ ಮೂಲೆ ಹರಿದೆ. ಓದು ಬಾರದವರಿಗೂ ಆ ಮೂಲೆ ನೋಡಿದರೆ ಸಾಕು, ಕಾಗದವನ್ನು ಹೊಸಿಲೊಳಗೆ ತರದೆ ಅಂಗಳದಲ್ಲೇ ಅಳಲು ಕೂಡುತ್ತಾರೆ. ‘ಚಿರಂಜೀವಿ ಕರಿಬಸವರಾಜನು ಹತ್ತಿ ತುಂಬಿದ ಅಂಡಿಗೆ ಮೈಮೇಲೆ ಉರುಳಿ, ಒಂದು ಮಾತನ್ನೂ ಆಡದೆ, ಅವನ ಜೀವಮಾನದಲ್ಲಿ ಇದೇ ಮೊದಲ ಸಲ, ಲಿಂಗೈಕ್ಯನಾದನು’ ಎಂದು ಬರೆದು, ನಡುವಿನ ಮಾತನ್ನು ಮನಸ್ಸಿಲ್ಲದ ಮನಸ್ಸಿನಿಂದ ತೆಗೆದು, ಬೇರೆ ಪ್ರತಿ ಮಾಡಿದೆ. ನಾಲ್ಕೂರಿಗೆ ಹೋಯಿತು. ಕುಕ್ಕುವಾಡದವರು ಬಿತ್ತನೆ ಬಿಟ್ಟು ಬರಲಿಲ್ಲ. ಸಾರಥಿಯವರು ಇವತ್ತಿಗೂ ಉತ್ತರ ಬರೆದಿಲ್ಲ. ಆನಗೋಡಿನಲ್ಲಿರುವವರು ನಮ್ಮಪ್ಪನ ಖಾಸಾ ಅಣ್ಣತಮ್ಮಂದಿರು. ಅವರು ಕೂಡಲೇ ಬರೆದರು, ಸತ್ತವನ ದಿನದ ಊಟ ಎಷ್ಟು ಹೊತ್ತಿಗೆ ಎಂದು ಕೇಳಿ.

ನೀನು ಬಂದೆ. ಸೈಕಲ್ಲಿನಲ್ಲಿ. ಹಿಂದಿನ ಕ್ಯಾರಿಯರ್ ಮೇಲೆ, ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟುಕೊಂಡು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಅವ್ವ. ನಿನ್ನನ್ನು ಹಡೆದವಳು, ನನ್ನನ್ನು ಸಾಕಿದವಳು. ಒಂಬತ್ತು ಮೈಲಿ, ಜಡಿಮಳೆ. ಬಸ್ಸಿಗೆ ಕಾಯಲು ಒಪ್ಪಲಿಲ್ಲವಂತೆ.

ಆಗ ನಾನು ಹತ್ತಿ ತೂಗುವ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಅರಿಶಿನದ ಕಾಗದ ಜೇಬಿನಲ್ಲೇ ಇತ್ತು, ನಾಳೆ ಹಾಕಿದರಾಯಿತು ಎಂದು. ನೀನು ಸೈಕಲ್ ಎಸೆದು ಬಂದವನು ಬಾಗಿಲಲ್ಲೇ ನಿಂತೆ. ನಿನ್ನ ಮುಖದಿಂದ ನೀರು ಸುರಿಯುತ್ತಿತ್ತು.

“ಕರಿಬಸ್ಯಾ, ನಿನ್ನ ಹೆಣ ಎತ್ತಾಕೆ ಬಂದಿದ್ನಲ್ಲಲೇ!”

“ಎತ್ತಪ್ಪ. ತಕ್ಕಡಿಯಾಗೇ ಕುಂತೀನಿ, ತೂಕನೂ ನೋಡ್ಕೊಂಡುಬಿಡು” ಎಂದೆ.

ಕಪಾಳಕ್ಕೆ ಬಿತ್ತು. ನ್ಯಾಯವಾಗಿಯೇ ಬಿತ್ತು. ಆದರೆ ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ. ಅಂಡಿಗೆಯೊಂದರ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳಲು ಹತ್ತಿದಳು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು, “ಯಾಕವ್ವಾ, ಸತ್ತೆ ಅಂತ ಅತ್ತಿದ್ದು ಸಾಲ್ಲಿಲ್ಲೇನು? ಬದುಕಿದೀನಿ ಅಂತ ಬ್ಯಾರೆ ಅಳ್ತೀಯಾ?” ಎಂದೆ.

“ಅದು ಕಾಗೆಗೆ ಅತ್ತಿದ್ದಪ್ಪ” ಎಂದಳು. “ಇದು ನಿನಗೆ.”

ಬಕ್ಯಾ, ಇದನ್ನು ನೀನು ಕೇಳಿಸಿಕೊಂಡೆಯೋ ಇಲ್ಲವೋ ನನಗೆ ತಿಳಿಯದು. ನೀನು ಹೊರಗೆ ಸೈಕಲ್ಲಿನ ಚೈನು ಹಾಕುತ್ತಿದ್ದೆ.

ಆಮೇಲೆ ಅವಳು, “ಎಲ್ಲಿ ಕೂತಿತ್ತು, ತೋರ್ಸು” ಎಂದಳು. ಹೆಗಲು ತೋರಿಸಿದೆ. ಮುಟ್ಟಿ ನೋಡಿದಳು. ದೊಡ್ಡಮ್ಮ ಮಾಡಿಕೊಟ್ಟ ಚಹಾ ಕುಡಿದು, ಹೊರಡುವಾಗ ಮತ್ತೊಮ್ಮೆ, “ಎಲ್ಲಿ ಅಂದಿ?” ಎಂದಳು. ಮತ್ತೆ ತೋರಿಸಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಒದ್ದೆ ಸೆರಗಿನಿಂದ ಎರಡೂ ಹೆಗಲು ಒರೆಸಿದಳು.

ನನಗೆ ಕೊಡಲು ಬೇರೇನೂ ಇರಲಿಲ್ಲ. ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದ ಪೇಪರನ್ನು ಚೌಕ ಮಾಡಿ, ಮಡಚಿ, ಅವಳ ಕೈಯಲ್ಲಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು.

“ಇದು ಬಸವ ಏನಲೇ?”

“ಬಸವನೇ ಅವ್ವಾ. ಕಿವಿ ಒಂಚೂರು ಬೆಳೆದಾವೆ.”

ನಿಮ್ಮ ಮನೆಯಲ್ಲಿ ಆರು ವರ್ಷ ನಡೆದ ಜಗಳ ಅದು. ದಾವಣಗೆರೆಯಲ್ಲಿ ಇಸ್ಕೂಲಿಗೇನೂ ಬರವಿರಲಿಲ್ಲ, ನನ್ನನ್ನು ತಡಕೊಳ್ಳುವವರಿಗೆ ಬರವಿತ್ತು. ಅದಕ್ಕೇ ತಾಯಿಯಿಲ್ಲದ ನನ್ನನ್ನು ದೊಡ್ಡಪ್ಪ ಹರಿಹರಕ್ಕೆ, ನಿಮ್ಮ ಮನೆಗೆ, ಓದಲು ಕಳಿಸಿದ್ದು. ಕೈಕಸುಬಿನ ಪೀರಿಯಡ್ಡಿನಲ್ಲಿ ಅಜ್ಜಯ್ಯ ಮೇಷ್ಟ್ರು ಚೌಕ ಕಾಗದದಿಂದ ಬಸವ ಮಾಡುವುದನ್ನು ಕಲಿಸಿದಾಗ, ದೇವರ ಗೂಡಿನಲ್ಲಿಡಲು ತನಗೊಂದು ಮಾಡಿಕೊಡೆಂದು ಅವ್ವ ಕೇಳಿದಳು. ನಿನಗೂ ನೆನಪಿರಬೇಕು. ಬಸವನಿಗೂ ಕತ್ತೆಗೂ ಕೊನೆಯ ಮಡಿಕೆಯವರೆಗೆ ದಾರಿ ಒಂದೇ. ಕರ್ಣಕ್ಕೆ ಮಡಚು, ಗಾಳಿಪಟ ಮಾಡು, ಕುತ್ತಿಗೆ ಎತ್ತು, ಕಾಲು ಬಿಡಿಸು. ಕೊನೆಗೆ ತಲೆಯ ಮೇಲೆ ಉಳಿಯುವ ಎರಡು ತುದಿಗಳನ್ನು ಒಳಕ್ಕೆ ಅರ್ಧ ಮಡಚಿದರೆ ಕೋಡು, ಹಾಗೇ ಬಿಟ್ಟರೆ ಕಿವಿ. ನಾನು ಬೇಕೆಂದೇ ಹಾಗೇ ಬಿಡುತ್ತಿದ್ದೆ. ಅವಳು ಒಂದೊಂದನ್ನೂ ವಿಭೂತಿಗಟ್ಟಿಯ ಪಕ್ಕ ನಿಲ್ಲಿಸಿ, ಹಣೆಗೆ ಬೊಟ್ಟಿಟ್ಟು, “ನಿನ್ನ ಕೈಯಾಗೆ ಬಸವ ಹುಟ್ಟೋತನಕ ನಮ್ಮನಿಗೆ ಕತ್ತೆನೇ ಬಸವ ಬಿಡು” ಎನ್ನುತ್ತಿದ್ದಳು. ನಾಳೆ ಮಾಡಿದರಾಯಿತು ಎಂದುಕೊಂಡು ಆರು ವರ್ಷ ಆ ಒಂದು ಮಡಿಕೆಯನ್ನು ಉಳಿಸಿಕೊಂಡೆ.

ಅವತ್ತು ಸೈಕಲ್ ಹತ್ತುವಾಗ ನೀನು ಹೇಳಿದ ಮಾತು, “ಕರಿಬಸ್ಯಾ, ನಮ್ಮನಿಗೂ ಒಂದಿನ ಕಾಗೆ ಬರತೈತೆ ತಡಿ. ನಿನ್ನ ಅಳಿಸಲಿಲ್ಲ ಅಂದ್ರೆ ನನ್ನ ಹೆಸರು ಬಕ್ಕೇಶಿ ಅಲ್ಲ.” ಕ್ಯಾರಿಯರ್ ಮೇಲೆ ಕೂತಿದ್ದ ಅವ್ವ ನಿನ್ನ ಬೆನ್ನಿಗೆ ಗುದ್ದಿದಳು. “ಬಿಡ್ತು ಅನ್ನು. ಹಂಗನ್ನಬಾರದು.”

ಈ ಮಾತನ್ನು ನಾನು ಎಂಥ ಭದ್ರವಾದ ಜಾಗದಲ್ಲಿ ಎತ್ತಿಟ್ಟುಕೊಂಡಿದ್ದೆ ಎಂದರೆ, ಮೂರು ವಾರದ ಮೇಲೆ ಬೇಕಾದಾಗ ತಟ್ಟನೆ ಸಿಕ್ಕಿತು.

ಆಗಸ್ಟ್ ಹತ್ತೊಂಬತ್ತು, ಬುಧವಾರ. ಅಂಗಡಿಯ ಕೆಲಸದ ಮೇಲೆ ಆನಗೋಡಿಗೆ ಹೋಗಿದ್ದೆ. ಸಾಯಂಕಾಲ ಬಂದರೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನಿನ್ನ ಗೆಳೆಯ ಸೇಡು ತೀರಿಸ್ಕೊಳ್ಳಾಕೆ ಹೊಂಟಾನಲೇ. ಅವರವ್ವ ಗುರುಶಾಂತಮ್ಮ ಹೋಗಿಬಿಟ್ಲು ಅಂತ ಆಳು ಕಳಿಸಿದ್ದ. ಮೊನ್ನೆ ಇವನು ಸತ್ತ, ಇವತ್ತು ಆಕಿ ಸತ್ತಳೇನು, ಹೋಗಿ ಬ್ಯಾರೆ ಕಾಗೆ ಹುಡುಕ್ಕೊಳ್ರಿ ಅಂದು ಓಡಿಸಿದೆ.” ಆಳು ಅತ್ತನೇ ಎಂದು ಕೇಳಿದೆ. “ಅಳಂಗೆ ಮಾಡಿದ. ಚೆನ್ನಾಗೇ ಮಾಡಿದ” ಎಂದರು. ಇಬ್ಬರೂ ನಕ್ಕೆವು. ಆ ಹೊತ್ತಿಗೆ ನೀವು ಮಣ್ಣು ಮುಗಿಸಿ ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಿದ್ದಿರಿ ಎಂದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ.

ಗುರುವಾರ ಮಧ್ಯಾಹ್ನ ಟಪಾಲಿನ ಇಮಾಮ್ ಸಾಬ್ ಅಂಗಡಿಯ ಕಟ್ಟೆ ಹತ್ತದೆ ರಸ್ತೆಯಲ್ಲೇ ನಿಂತು ಕರೆದ. “ಕೆಟ್ಟ ಕಾಗದ ಐತಪ್ಪ. ಹೊರಗೆ ಬಂದು ತಗೋ.” ಲಕೋಟೆಯ ಮೂಲೆ ಹರಿದಿತ್ತು. ಒಳಗಿನ ಹಾಳೆಯದೂ. ತಲೆಗೆ ಶ್ರೀಕಾರವಿರಲಿಲ್ಲ. ನಿನ್ನ ಅಕ್ಷರ. ನಾನು ಮೊದಲ ಸಾಲು ಓದಿ ರಸ್ತೆಯಲ್ಲೇ ನಗಲು ಶುರುಮಾಡಿದೆ. “ಸಾಬರೇ, ಇದು ಕಾಗೆ ಕಾಗದ. ಹೆದರಬ್ಯಾಡ್ರಿ.” ಇಮಾಮ್ ಸಾಬ್ ನಗಲಿಲ್ಲ. “ನಗಪ್ಪ, ಬ್ಯಾಡ ಅನ್ನಲ್ಲ. ಪೂರಾ ಓದಿ ನಗು” ಎಂದು ಹೇಳಿ ಹೋದ.

ಪೂರಾ ಓದುವ ವ್ಯವಧಾನ ಯಾರಿಗಿತ್ತು? ನಿನಗೆ ತಕ್ಕ ಉತ್ತರ ಕೊಡಬೇಕಿತ್ತು. ಸಂಪ್ರದಾಯಸ್ಥನಾಗಿದ್ದರೆ ಅಂಥ ಕಾಗದವನ್ನು ಓದಿ, ಹರಿದು, ಸ್ನಾನ ಮಾಡುತ್ತಿದ್ದೆ. ನಾನು ಒಳಗೆ ತಂದು ಮೇಜಿನ ಮೇಲೆ ಹರಡಿದೆ. ಹಾಳೆ ಉದ್ದ. ಪ್ರಾಣಿ ಹುಟ್ಟಬೇಕಾದರೆ ಕಾಗದ ಚೌಕವಾಗಿರಬೇಕು. ಮೇಲಿನ ಮೂಲೆಯನ್ನು ಪಕ್ಕದ ಅಂಚಿಗೆ ಕೂಡಿಸಿ, ಗೆರೆ ತೀಡಿ, ಕೆಳಗೆ ಹೆಚ್ಚಾಗಿ ಉಳಿದ ಪಟ್ಟಿಯನ್ನು ಉಗುರಿನಿಂದ ಕೊಯ್ದು ನೆಲಕ್ಕೆ ಬಿಟ್ಟೆ. ಹರಿದ ಮೂಲೆ ಆ ಪಟ್ಟಿಯಲ್ಲೇ ಹೋಯಿತು. ಉಳಿದದ್ದು ನಾಲ್ಕು ಮೂಲೆಯೂ ನೆಟ್ಟಗಿರುವ ಶುಭವಾದ ಚೌಕ. ನಿನ್ನ ಅಕ್ಷರಗಳನ್ನು ಒಳಗೆ ಹಾಕಿ ಮಡಚಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕತ್ತೆ ಅದಕ್ಕೆ ಮುಂಚೆ ಹುಟ್ಟಿರಲಿಲ್ಲ, ಬಕ್ಯಾ. ನಾಲ್ಕು ಕಾಲೂ ಸಮ. ಕಿವಿಗಳಂತೂ ಈಗಷ್ಟೇ ಏನೋ ಕೇಳಿಸಿಕೊಂಡಂತೆ ನಿಮಿರಿದ್ದವು. ಲಕೋಟೆಯ ಮೇಲೆ ಬರೆದೆ: ‘ಮಾತೋಶ್ರೀ ಗುರುಶಾಂತಮ್ಮನವರಿಗೆ, ಕೈಲಾಸ. ಮಾರ್ಫತ್ ಬಕ್ಕೇಶಪ್ಪ, ಬೇಳೆ ಅಂಗಡಿ, ಹರಿಹರ.’ ಈ ವಿಳಾಸಕ್ಕೆ ನಾನೇ ಎಷ್ಟು ನಕ್ಕೆನೆಂದರೆ ಸ್ಟಾಂಪು ಸೊಟ್ಟಗೆ ಅಂಟಿತು.

ನಿಮ್ಮೂರಿನ ಅಂಚೆಗೆ ಬಂದ ಕಾಗದ ಹಂಚಲು ಸಾಮಾನ್ಯವಾಗಿ ಮೂರು ದಿನ ಬೇಕು. ಆ ಲಕೋಟೆಯನ್ನು ಮಾತ್ರ ಶುಕ್ರವಾರ ಬೆಳಿಗ್ಗೆಗೇ ಮುಟ್ಟಿಸಿತು. ಮೂರನೆಯ ದಿನದ ಹಾಲುತುಪ್ಪಕ್ಕೆಂದು ನೆಂಟರೆಲ್ಲ ಅಂಗಳದಲ್ಲಿ ಸೇರಿದ್ದಾಗ.

ಶನಿವಾರ ಓಬಯ್ಯ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ನನ್ನನ್ನು ಕಂಡು, “ಏನಪ್ಪಾ ಕರಿಬಸವರಾಜ, ಸಾಕಿದ ತಾಯಿ ಹಾಲುತುಪ್ಪಕ್ಕೆ ಬರಲಿಲ್ಲಲ್ಲ, ಯಾಕ? ಅಷ್ಟು ದೊಡ್ಡ ಮನುಷ್ಯ ಆದೇನು?” ಎಂದ. ನಾನು ಅವನ ಮುಖ ನೋಡಿದೆ. ಓಬಯ್ಯನಿಗೆ ನಾಟಕ ಬರುವುದಿಲ್ಲ. ಟಿಕೆಟ್ ಕೊಡುವುದಷ್ಟೇ ಬರುತ್ತದೆ. ಅದೇ ಬಸ್ಸು ಹತ್ತಿದೆ.

ಮುಂದಿನದು ನೀನೂ ನೋಡಿದ್ದು. ನೀನು ಹೊಸಿಲ ಮೇಲೆ ನಿಂತಿದ್ದೆ. ತಲೆ ಬೋಳಿಸಿದಂತೆ ಕಾಣುತ್ತಿದ್ದೆ, ಬೋಳಿಸಿರಲಿಲ್ಲ, ಮುಖವೇ ಹಾಗಾಗಿತ್ತು. ಒಳಗಿಂದ ನಿಮ್ಮ ಮನೆಯ ಮರಿಯವ್ವಜ್ಜಿಯ ದನಿ ಬರುತ್ತಿತ್ತು. “ಕಾಗೆ ಮುಟ್ಟಿದ್ದು ಇವನ್ನ, ಹೋದಾಕಿ ಆಕಿ. ಹಡೆದ ಮಗನಿಗೂ ಯಾರೂ ಹಿಂಗೆ ಮಾಡಲ್ಲ. ಇವನ ಗಂಡಾಂತ್ರನ ಉಡಿಯಾಗೆ ಕಟ್ಟಿಕೊಂಡು ಹೋದ್ಲು ನನ್ನವ್ವ.” ನಾನು ‘ಬಕ್ಯಾ’ ಎಂದೆ.

ನೀನು ಒಳಗೆ ಹೋಗಿ, ಬಂದು, ಅಂಗೈ ಚಾಚಿದೆ. ಅಂಗೈಯಲ್ಲಿ ಕತ್ತೆ ನಿಂತಿತ್ತು. ಬೆನ್ನ ಮೇಲೆ ತುಪ್ಪದ ಕಲೆ.

“ಅವ್ವ ಒಳಗಿಲ್ಲ. ನಿನ್ನ ಕತ್ತೆ ಐತೆ, ತಗೊಂಡು ಹೋಗು” ಎಂದೆ. ಆಮೇಲೆ, “ಅವ್ವ ಕೊಟ್ಟುಹೋದ ಆಯುಷ್ಯ ಐತೆ ನಿನ್ನ ಹತ್ರ. ಹಾಳು ಮಾಡಬ್ಯಾಡ” ಎಂದೆ. ನೀನು ಬಾಗಿಲು ಹಾಕಿಕೊಂಡೆ.

ನೀನು ಇನ್ನೊಂದು ಸಲ ಕಪಾಳಕ್ಕೆ ಹೊಡೆದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ನೀನು ದೊಡ್ಡ ಮನುಷ್ಯನಂತೆ ನಡೆದುಕೊಂಡೆ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಾನು ಸೇತುವೆಯ ಮೇಲೆ ನಿಂತು ಕತ್ತೆಯನ್ನು ಬಿಚ್ಚಿದೆ. ಕಿವಿ ಬಿಚ್ಚಿದೆ, ಕುತ್ತಿಗೆ ಇಳಿಸಿದೆ, ಕಾಲು ಮಡಚಿದೆ. ಹುಟ್ಟಿಸುವುದಕ್ಕೆ ಬೇಕಾದಷ್ಟೇ ಹೊತ್ತು ಅದನ್ನು ಇಲ್ಲವಾಗಿಸಲೂ ಬೇಕು. ಕೆಳಗೆ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಗೀರುಗಳು ತುಂಬಿದ ಆ ಚೌಕದಲ್ಲಿ ನಿನ್ನ ಕಾಗದವನ್ನು ಮೊದಲ ಸಲ ಓದಿದೆ. ಬಾಯಿಪಾಠವಾಗಿದೆ, ಹೇಳುತ್ತೇನೆ ಕೇಳು:

‘ಕರಿಬಸವರಾಜನಿಗೆ. ನಮ್ಮ ಅವ್ವ ಈ ದಿನ ಬೆಳಿಗ್ಗೆ ಲಿಂಗೈಕ್ಯಳಾದಳು. ಅವತ್ತು ನಿಮ್ಮಲ್ಲಿಂದ ಬಂದ ಮೇಲೆ ಹತ್ತಿದ ಜ್ವರ ಹದಿನೆಂಟು ದಿನ ಬಿಡಲಿಲ್ಲ. ಅವನಿಗೆ ತಿಳಿಸಬೇಡ, ಹೆದರುತ್ತಾನೆ ಎಂದು ಅವಳೇ ಹೇಳಿದ್ದಳು. ಆಳು ಕಳಿಸಿದ್ದೆ, ನೀನು ಸಿಗಲಿಲ್ಲವಂತೆ. ಇದು ಕಾಗೆಯ ಕಾಗದ ಅಲ್ಲ. ಲಿಂಗದಾಣೆ. ಶುಕ್ರವಾರ ಹಾಲುತುಪ್ಪ, ಬರಲೇಬೇಕು. ಕೊನೆಯ ದಿನ ಅವ್ವ ನಿನ್ನ ಸಲುವಾಗಿ ಒಂದು ಮಾತು ಹೇಳಿದಳು. ಅದೇನೆಂದರೆ’

ಅಷ್ಟೇ. ಅದರ ಕೆಳಗೆ ನನ್ನ ಉಗುರಿನಿಂದ ಕೊಯ್ದ ಅಂಚು.

ಮರಳಿ ಹೊರಟಿದ್ದ ಅದೇ ಬಸ್ಸಿನಲ್ಲಿ ಅಂಗಡಿಗೆ ಓಡಿದೆ. ಮೇಜಿನ ಕೆಳಗೆ, ಅಂಡಿಗೆಗಳ ಸಂದಿಯಲ್ಲಿ, ಹತ್ತಿಬೀಜದ ರಾಶಿಯಲ್ಲಿ ಹುಡುಕಿದೆ. ಅಂಗಡಿ ಗುಡಿಸುವ ಕೆಂಚವ್ವನನ್ನು ಕೇಳಿದೆ. “ಇಷ್ಟಗಲ ಪಟ್ಟಿ, ಒಂದು ಮೂಲಿ ಹರಿದಿತ್ತು.” ಕೆಂಚವ್ವ ಪೊರಕೆ ಹಿಡಿದು ನಿಂತಳು. “ದಿನಾ ಗುಡಿಸಿದ್ದು ಒಲಿಗೆ ಹಾಕ್ತೀನ್ರಿ. ನನಗೇನು ಗೊತ್ತು? ಓದಾಕೆ ಬಂದಿದ್ರೆ ಎತ್ತಿಡ್ತಿದ್ದೆ.” ಓದಲು ಬರುವವನು ಅವಳೆದುರಿಗೇ ನಿಂತಿದ್ದ.

ಹನ್ನೊಂದು ತಿಂಗಳಿಂದ ಆ ಮಾತು ಏನಿರಬಹುದೆಂದು ಊಹಿಸುತ್ತಿದ್ದೇನೆ. ‘ಅವನಿಗೆ ನನ್ನ ಪಾಲಿನ ರೊಟ್ಟಿ ಕೊಡಿ’ ಎಂದಿರಬಹುದು. ‘ಬೇಗ ಒಂದು ಹೆಣ್ಣು ನೋಡಿ, ಬುದ್ಧಿ ಬರಲಿ’ ಎಂದಿರಬಹುದು. ‘ಒಂದಾದರೂ ಬಸವ ಮಾಡಿಕೊಡಲಿ’ ಎಂದಿರಬಹುದು. ‘ಅವನ ಮುಖ ತೋರಿಸಬ್ಯಾಡ್ರಿ’ ಎಂದಿರಲೂಬಹುದು. ಅದಾದರೂ ಸರಿಯೇ, ಅದು ನನಗೆಂದು ಹೇಳಿದ ಮಾತಲ್ಲವೇ? ಊರಿನವರೆಲ್ಲ ಅವ್ವ ನನಗೆ ಆಯುಷ್ಯ ಕೊಟ್ಟಳೆಂದು ಹೇಳುತ್ತಾರೆ. ನಾನು ಕೇಳುವುದು ಆಯುಷ್ಯವನ್ನಲ್ಲ, ಒಂದು ಸಾಲನ್ನು.

ಇದರ ಜೊತೆ ಒಂದು ಬಿಳಿ ಕಾಗದದ ಪಟ್ಟಿ ಇಟ್ಟಿದ್ದೇನೆ. ನಿನ್ನ ಹಾಳೆಯ ಜೋಡಿ ಹಾಳೆ ತಂದು, ಅಳೆದು ಕೊಯ್ದದ್ದು, ನಾಲ್ಕು ಬೆರಳಗಲ. ಒಂದೆರಡು ಸಾಲಿಗೂ ನಿನ್ನ ಸಹಿಗೂ ಜಾಗ ಸಾಕು. ಮೂಲೆಯನ್ನು ನಾನು ಹರಿದಿಲ್ಲ. ಹರಿದು ಕಳಿಸುವುದು ಬಿಡುವುದು ನಿನ್ನ ಇಷ್ಟ. ಬರುವ ತಿಂಗಳು ಅವ್ವನ ವರ್ಷದ ದಿನ. ಬಾ ಎನ್ನಬೇಡ, ಬೇಡ ಎನ್ನಬೇಡ. ಆ ಒಂದು ಮಾತು ಬರೆದು ಕಳಿಸು ಸಾಕು. ಕೂಡಿಸಿ ಅಂಟಿಸಿ, ಈ ಸಲ ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ.

ನಿನ್ನ ಅಂಗಡಿ ತುಂಬಿರಲಿ. ತೊಗರಿಬೇಳೆಗೆ ಹುಳು ಹತ್ತದಿರಲಿ. ಎದುರುಗಾಳಿ ನಿನ್ನ ಸೈಕಲ್ಲಿಗೆ ತಾಗದಿರಲಿ. ಮರಿಯವ್ವಜ್ಜಿಗೆ ನನ್ನ ಶರಣು. ಗೂಡಿನಲ್ಲಿರುವ ಕತ್ತೆಗಳು ಮಸಿ ಹಿಡಿದಿದ್ದರೂ ಎಸೆಯಬೇಡ.

ಇಂತಿ,
ಬಿರುದುಗಳಿಲ್ಲದ,
ಕರಿಬಸ್ಯಾ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಪಟ್ಟಿಯ ಮೇಲೆ ನೀನು ಬರೆಯುವ ಮೊದಲು ಇದು ನಿನಗೆ ತಿಳಿದಿರಬೇಕು. ಅವ್ವ ಬಂದಾಗ ನಾನು ತೋರಿಸಿದ್ದು ಎಡ ಹೆಗಲು. ಹೊರಡುವಾಗ ಕೇಳಿದಳಲ್ಲ, ಆಗ ತೋರಿಸಿದ್ದು ಬಲ ಹೆಗಲು. ಅವಳಿಗೆ ಗೊತ್ತಾಯಿತೋ ಏನೋ, ಆ ಸಾಲಿನಲ್ಲಿ ಇರಬಹುದು. ನಾನು ಸತ್ತರೆ ಯಾರು ಬರುತ್ತಾರೆ ಎಂದು ಒಂದು ಸಲ ನೋಡಬೇಕೆನ್ನಿಸಿತ್ತು, ಅಷ್ಟೇ. ಇಬ್ಬರು ಬಂದಿರಿ. ಕಾಗೆ ನನ್ನನ್ನು ಮುಟ್ಟಿರಲಿಲ್ಲ, ಬಕ್ಯಾ.